‘ಮಾಸ್ಕ್’ ಎಂದರೆ ಮುಸುಕೇ? ‘ಗರಿಷ್ಠ’ ಎಷ್ಟಿರಬಹುದು?

ಮಾನ್ಯರೇ,

ಮಿದುಳಿನ ಎಂಆರ್‌ಐ ದತ್ತಾಂಶವನ್ನು ವಿಶ್ಲೇಷಿಸುವ ಬಗೆಯನ್ನು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಮಾಸ್ಕ್‌ನೊಳಗಿನ ಎಕ್ಸ್‌ಟ್ರೀಮಾಗಳನ್ನು (ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಬೆಲೆಗಳನ್ನು) ಹುಡುಕುವುದು’ ಎಂಬಲ್ಲಿಗೆ ಬಂದು ಲೇಖನಿ ನಿಂತಿದೆ.

ಮಾಸ್ಕ್‌ಗೆ ಮೊದಲು ‘ಮುಸುಕು’ ಎಂದು ಬರೆದಿದ್ದೆ. ಕರಡನ್ನು ಓದಿದ ವಿದ್ಯಾರ್ಥಿಯೊಬ್ಬರು ‘ಮುಸುಕಿನ ಭಾಗ’ವೆಂದರೆ ಲೆಕ್ಕಕ್ಕೆ ಬಾರದ ಭಾಗವೆಂದೇ ತಿಳಿದರು. ಅವರದೇನೂ ತಪ್ಪಿಲ್ಲ, ಮುಸುಕಿನ ಕೆಲಸವೇ ಮರೆಮಾಡುವುದು. ಆದರೆ ಇಲ್ಲಿ ಮಾಸ್ಕ್ ಎಂಬುದು ಬೇಕಾದ ವಾಕ್ಸೆಲ್‌ಗಳಿಗೆ (ಮೂರು ಆಯಾಮದ ಚಿತ್ರವನ್ನು ಕಟ್ಟಿರುವ ಪುಟ್ಟ ಘನಗಳಿಗೆ) 1, ಬೇಡದವಕ್ಕೆ 0 ಎಂದು ಗುರುತು ಹಾಕಿದ ಇನ್ನೊಂದು ಚಿತ್ರ. ಅದು ಮುಚ್ಚುವುದಕ್ಕಿಂತ ಹೆಚ್ಚಾಗಿ ಆರಿಸಿಕೊಡುತ್ತದೆ. (ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಗಣಿತ ಸಂಗ್ರಹವಾದ ನಂಪೈಯಲ್ಲಿ ಇದು ತಿರುಗುಮುರುಗು: ಅಲ್ಲಿನ ಮಾಸ್ಕ್ ಸರಣಿಗಳಲ್ಲಿ ‘ನಿಜ’ ಎಂದು ಗುರುತಾದದ್ದೇ ಹೊರಗುಳಿಯುತ್ತದೆ. ಗೊಂದಲ ಕನ್ನಡದ್ದು ಮಾತ್ರವಲ್ಲ.) ‘ಒಳಗೆ’ ಎಂಬುದನ್ನೂ ಸ್ಪಷ್ಟವಾಗಿ ಹೇಳಲೇಬೇಕು: ಚಿತ್ರವನ್ನು ಮಾಸ್ಕ್‌ನಿಂದ ಗುಣಿಸಿ, ಬಂದ ಇಡೀ ಚಿತ್ರದ ಕನಿಷ್ಠ ಬೆಲೆಯನ್ನು ಕೇಳಿದರೆ, ಒಳಗಿನ ಬೆಲೆಗಳೆಲ್ಲ 400ರಿಂದ 900ರ ನಡುವೆ ಇದ್ದರೂ ಉತ್ತರ 0 ಎಂದೇ ಬರುತ್ತದೆ, ಆ ಸೊನ್ನೆ ಹೊರಗಿನದು. ಸದ್ಯಕ್ಕೆ ‘ಆಯ್ಕೆಚಿತ್ರ’ ಎಂದು ಬರೆದುಕೊಂಡಿದ್ದೇನೆ.

ಹೆಚ್ಚು ಕಾಡುತ್ತಿರುವುದು ‘ಗರಿಷ್ಠ’. ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸುವ ತಂತ್ರಾಂಶವಾದ ಎಫ್‌ಎಸ್‌ಎಲ್‌ನ ಎಫ್‌ಎಸ್‌ಎಲ್‌ಸ್ಟ್ಯಾಟ್ಸ್ ಎಂಬ ಆದೇಶಕ್ಕೆ ಮಾಸ್ಕ್ ಕೊಟ್ಟು ಕೇಳಿದರೆ ಒಂದೇ ಗರಿಷ್ಠ ಬೆಲೆ ಸಿಗುತ್ತದೆ, ಅಲ್ಲಿ ತೊಂದರೆಯಿಲ್ಲ. ಅಂಥದೇ ಇನ್ನೊಂದು ತಂತ್ರಾಂಶವಾದ ಎಎಫ್‌ಎನ್‌ಐನ 3ಡಿಎಕ್ಸ್‌ಟ್ರೀಮಾ ಹುಡುಕುವುದು ಸ್ಥಳೀಯವಾದವುಗಳನ್ನು, ಅಂದರೆ ತಮ್ಮ ನೆರೆಯ ವಾಕ್ಸೆಲ್‌ಗಳನ್ನು ಮೀರಿಸುವಂಥವನ್ನು; ಮೂಲೆಗಳನ್ನೂ ಸೇರಿಸಿದರೆ ಒಂದು ವಾಕ್ಸೆಲ್‌ಗೆ 26 ನೆರೆಗಳು. ಇಂಥವು ಒಂದೇ ಭಾಗದಲ್ಲಿ ಹನ್ನೆರಡು ಸಿಗಬಹುದು. ಜ್ಯೇಷ್ಠ, ಕನಿಷ್ಠಗಳಂತೆ ಗರಿಷ್ಠವೂ ‘ಇಷ್ಠ’ ಪ್ರತ್ಯಯದ ಪದವಾದ್ದರಿಂದ, ‘ಹನ್ನೆರಡು ಗರಿಷ್ಠಗಳು’ ಎಂದರೆ ಒಂದೇ ಮನೆಯಲ್ಲಿ ಹನ್ನೆರಡು ಮಂದಿ ಜ್ಯೇಷ್ಠಪುತ್ರರಿದ್ದಾರೆ ಎಂದಂತೆ ನನ್ನ ಕಿವಿಗೆ ಕೇಳುತ್ತದೆ. ಹಾಗಾಗಿ ಇಡೀ ಭಾಗದ ಒಂದಕ್ಕೆ ‘ಗರಿಷ್ಠ’, ನೆರೆಯನ್ನು ಮೀರಿದವಕ್ಕೆ ‘ಶಿಖರ’, ಎರಡೂ ಬದಿಗಳಿಗೆ ಒಟ್ಟಾಗಿ ‘ತುದಿಬೆಲೆ’ ಎಂದು ವಿಂಗಡಿಸಿದ್ದೇನೆ.

ಉಳಿದಿರುವುದು ಶಿಖರದ ವಿರುದ್ಧಪದ. ‘ಕಣಿವೆ’, ‘ಕುಳಿ’ ಎಂದರೆ ಮಿದುಳಿನ ಮೇಲ್ಮೈಯ ಸೀಳುಗಳನ್ನೇ ಹೇಳುತ್ತಿರುವಂತೆ ಭ್ರಮೆಯಾಗುತ್ತದೆ. ‘ಕನಿಷ್ಠ’ವೆಂದರೆ ದುರ್ಬಲವೆಂಬ ಛಾಯೆ ಬರುತ್ತದೆ, ಆದರೆ ಟಿ-ನಕ್ಷೆಯಲ್ಲಿ (ಪ್ರತಿ ವಾಕ್ಸೆಲ್‌ನ ಟಿ-ಪರೀಕ್ಷೆಯ ಫಲಿತಾಂಶವನ್ನು ತೋರಿಸುವ ಚಿತ್ರದಲ್ಲಿ) −6 ಎಂಬ ಬೆಲೆ ದುರ್ಬಲವಲ್ಲ, ವಿರುದ್ಧ ದಿಕ್ಕಿನಲ್ಲಿ +6ರಷ್ಟೇ ಪ್ರಬಲ. ಈ ಎರಡು ತೊಡಕುಗಳಿಗೂ ಸಿಕ್ಕದ ಪದ ಯಾವುದಾದರೂ ತಮ್ಮ ಬಳಕೆಯಲ್ಲಿದೆಯೇ?