ವೇಗದ ಗ್ರಾಫ್‌ನಿಂದ ದೂರ: ನನಗೆ 256, ಪುಸ್ತಕದಲ್ಲಿ 304. ಎಲ್ಲಿ ತಪ್ಪಿದೆ?

ಪ್ರಶ್ನೆ:
ಎರಡು ದಿನದಿಂದ ಈ ಲೆಕ್ಕ ತಲೆ ತಿನ್ನುತ್ತಿದೆ. ಒಂದು ಗಾಡಿಯ ವೇಗದ ಗ್ರಾಫ್ ಕೊಟ್ಟಿದ್ದಾರೆ, ಸೂತ್ರ ಇಲ್ಲ. ಸೊನ್ನೆಯಿಂದ ಶುರುವಾಗಿ ಗುಡ್ಡದ ಹಾಗೆ ಏರಿ 12ನೇ ಸೆಕೆಂಡಿಗೆ ಮತ್ತೆ ಸೊನ್ನೆಗೆ ಇಳಿಯುತ್ತದೆ. ಮೂರು ಸಮ ಭಾಗ ಮಾಡಿ, ಮಧ್ಯಬಿಂದು ವಿಧಾನದಲ್ಲಿ ದೂರ ಅಂದಾಜು ಮಾಡಬೇಕು. 0, 4, 8, 12ನೇ ಸೆಕೆಂಡಿನಲ್ಲಿ ವೇಗ 0, 32, 32, 0 ಮೀಟರ್/ಸೆಕೆಂಡ್. ಪ್ರತಿ ಭಾಗದ ಎರಡು ತುದಿಯ ವೇಗ ಕೂಡಿಸಿ ಅರ್ಧ ಮಾಡಿದೆ: 16, 32, 16. ಇವನ್ನು ಕೂಡಿಸಿ 4ರಿಂದ ಗುಣಿಸಿದರೆ 256 ಮೀಟರ್. ಪುಸ್ತಕದ್ದೇ ತಪ್ಪು ಅಲ್ವಾ?

ಉತ್ತರ 1:
ಪುಸ್ತಕ ಸರಿ ಇದೆ. ನೀವು ವೇಗದ ಮಧ್ಯ ಹಿಡಿದಿದ್ದೀರಿ, ಹಿಡಿಯಬೇಕಾಗಿದ್ದು ಸಮಯದ ಮಧ್ಯ. 0 ಮತ್ತು 4ರ ನಡುವೆ 2. ಕೆಳಗಿನ ಗೆರೆಯಲ್ಲಿ 2ರ ಮೇಲೆ ಪೆನ್ಸಿಲ್ ಇಟ್ಟು ನೇರ ಮೇಲೆ ಹೋಗಿ, ಗ್ರಾಫ್ ತಾಗಿದ ಕಡೆ ನಿಂತು ಎಡಗಡೆ ಎಷ್ಟಿದೆ ಅಂತ ಓದಿ. 20 ಇರುತ್ತದೆ, 16 ಅಲ್ಲ. ಹಾಗೇ 6ರಲ್ಲಿ 36, 10ರಲ್ಲಿ 20. ಒಟ್ಟು 76, ಗುಣಿಸು 4, ಅಲ್ಲಿಗೆ 304. ನೀವು ಮಾಡಿದ್ದು ಟ್ರೆಪೀಜಿಯಂ ವಿಧಾನ. ಅದೂ ಒಳ್ಳೆಯದೇ, ಆದರೆ ಅವರು ಕೇಳಿದ್ದು ಅದಲ್ಲ.

ಉತ್ತರ 2:
ಸುಮ್ನೆ ಕುತೂಹಲಕ್ಕೆ ನೋಡಿದೆ. ವೇಗ = 12 × ಸಮಯ − ಸಮಯ² ಅಂತಿಟ್ಟರೆ ಈ ಬಿಂದುಗಳೆಲ್ಲ ಸರಿಯಾಗಿ ಕೂರುತ್ತವೆ. ಹಾಗಾದರೆ ನಿಜವಾದ ದೂರ 288. ಅಂದರೆ 304 ಕೂಡ ಅಂದಾಜೇ, 16 ಜಾಸ್ತಿ. ನಿಮ್ಮದು 32 ಕಡಿಮೆ.

ಕಾರಣ ಗ್ರಾಫ್‌ನಲ್ಲೇ ಕಾಣುತ್ತದೆ, ಗ್ರಾಫ್‌ನ ಕೆಳಗಿನ ವಿಸ್ತೀರ್ಣವೇ ದೂರ. ತುದಿಯಿಂದ ತುದಿಗೆ ಎಳೆದ ಗೆರೆ ಗುಡ್ಡದ ಒಳಗೇ ಉಳಿಯುತ್ತದೆ, ಹಾಗಾಗಿ ಕಡಿಮೆ. ಮಧ್ಯಬಿಂದುವಿನ ಆಯತದ (ಅಗಲ 4 ಸೆಕೆಂಡ್, ಎತ್ತರ ಮಧ್ಯದ ವೇಗ) ಚಾವಣಿಯನ್ನು ಆ ಬಿಂದುವಿನಲ್ಲೇ ಹಿಡಿದು, ಗ್ರಾಫನ್ನು ಬರೀ ಸವರಿಕೊಂಡು ಹೋಗುವಷ್ಟು ವಾಲಿಸಿ ನೋಡಿ: ಒಂದು ಕಡೆ ಹೋದಷ್ಟೇ ಇನ್ನೊಂದು ಕಡೆ ಬರುತ್ತದೆ, ವಿಸ್ತೀರ್ಣ ಬದಲಾಗುವುದಿಲ್ಲ, ಆದರೆ ಚಾವಣಿ ಈಗ ಪೂರ್ತಿ ಗುಡ್ಡದ ಮೇಲಿದೆ. ಅದಕ್ಕೇ ಜಾಸ್ತಿ. ಆರು ಭಾಗ ಮಾಡಿದರೆ 292 ಬರುತ್ತದೆ, ತಪ್ಪು 16ರಿಂದ 4ಕ್ಕೆ ಇಳಿಯಿತು.

ಪ್ರಶ್ನೆ ಕೇಳಿದವರು:
ಅಯ್ಯೋ, ಪೆನ್ಸಿಲ್ ಇಟ್ಟು ನೋಡಿದೆ, 20 ಇದೆ! ಮುಂದಿನ ಲೆಕ್ಕದಲ್ಲಿ ಗ್ರಾಫ್ ಸೊನ್ನೆಯ ಗೆರೆಯಿಂದ ಕೆಳಗೆ ಹೋಗಿದೆ. ಅಲ್ಲಿ ಕಳೆಯಬೇಕಾ?

ಉತ್ತರ 1:
ಗಾಡಿ ಹಿಂದಕ್ಕೆ ಬರುತ್ತಿದೆ, ಅಷ್ಟೇ. ಸಾಗಿದ ದೂರ ಕೇಳಿದ್ದರೆ ಮೈನಸ್ ಬಿಟ್ಟು ಕೂಡಿಸಿ, ಹಿಂದೆ ಹೋದದ್ದೂ ದೂರವೇ. ಹೊರಟ ಜಾಗದಿಂದ ಎಷ್ಟು ಆಚೆ ಇದೆ ಅಂತ ಕೇಳಿದ್ದರೆ ಮಾತ್ರ ಕಳೆಯಿರಿ. ವೇಗ ಗಂಟೆಗೆ ಕಿಲೋಮೀಟರ್‌ನಲ್ಲಿದ್ದು ಸಮಯ ಸೆಕೆಂಡಿನಲ್ಲಿದ್ದರೆ ಮೊದಲು ವೇಗವನ್ನು 3.6ರಿಂದ ಭಾಗಿಸಿಕೊಳ್ಳಿ. ನಾನು ಪರೀಕ್ಷೆಯಲ್ಲಿ ಅಲ್ಲೇ ಮಾರ್ಕ್ಸ್ ಕಳೆದುಕೊಂಡಿದ್ದು.