‘ಬಂದಿದ್ದೆ’ ಎಂಬುದು ‘ಹ್ಯಾಡ್ ಕಮ್’ ಆಗುತ್ತದೆಯೇ?

‘ನಿನ್ನೆ ನಿಮ್ಮ ಕಚೇರಿಗೆ ಬಂದಿದ್ದೆ’ ಎಂಬ ವಾಕ್ಯವನ್ನು ನಾನು ‘ಐ ಹ್ಯಾಡ್ ಕಮ್ ಟು ಯುವರ್ ಆಫೀಸ್ ಯೆಸ್ಟರ್‌ಡೇ’ ಎಂದು ಇಂಗ್ಲಿಷಿಗೆ ತಂದಿದ್ದೆ. ಕರಡು ತಿದ್ದಿದವರು ‘ಹ್ಯಾಡ್ ಕಮ್’ ಅನ್ನು ಹೊಡೆದುಹಾಕಿ ‘ಕೇಮ್’ ಎಂದು ಮಾಡಿ, ಅಂಚಿನಲ್ಲಿ ‘ಯಾವುದಕ್ಕಿಂತ ಮೊದಲು?’ ಎಂದಷ್ಟೇ ಬರೆದಿದ್ದರು. ‘ಹ್ಯಾಡ್ ಕಮ್’ನಂಥ ರೂಪದ, ಅಂದರೆ ಪಾಸ್ಟ್ ಪರ್ಫೆಕ್ಟಿನ ಲಕ್ಷಣವೆಲ್ಲ ಅಂಚಿನ ಆ ಎರಡು ಪದಗಳಲ್ಲೇ ಇದೆ. ಇಂಗ್ಲಿಷಿನ ಈ ರೂಪಕ್ಕೆ ಕ್ರಿಯೆ ಕಳೆದುಹೋಗಿದ್ದರಷ್ಟೇ ಸಾಲದು; ಕಳೆದುಹೋದ ಇನ್ನೊಂದು ಗಳಿಗೆಯಲ್ಲಿ ನಿಂತು ನೋಡುವಾಗ ಅದು ಅದಕ್ಕೂ ಹಿಂದೆಯೇ ನಡೆದಿರಬೇಕು. ತತ್ವಶಾಸ್ತ್ರಜ್ಞ ಹಾನ್ಸ್ ರೈಖೆನ್‌ಬಾಖ್ 1947ರಲ್ಲಿ ಮಾತಾಡುವ ಕಾಲ, ಕ್ರಿಯೆಯ ಕಾಲ, ನಿಂತು ನೋಡುವ ಕಾಲ ಎಂದು ಮೂರು ಬಿಂದುಗಳನ್ನು ಗುರುತಿಸಿದ್ದು ಇದನ್ನು ವಿವರಿಸಲು ಇಂದಿಗೂ ಒದಗುತ್ತದೆ.

ಕೆಲವೆಡೆ ಎರಡು ಭಾಷೆಗಳೂ ಕೂಡಿಯೇ ನಡೆಯುತ್ತವೆ. ‘ನಾನು ತಲುಪಿದಾಗ ರೈಲು ಹೊರಟಿತು’ ಎಂದರೆ ಓಡಿ ಹತ್ತುವ ಆಸೆ ಇನ್ನೂ ಇದೆ. ‘ಹೊರಟಿತ್ತು’ ಎಂದರೆ ಕಾಣುವುದು ಬರಿಯ ಹಳಿ. ಒಂದು ‘ತ’ ಒತ್ತಿನ ಈ ಅಂತರವೇ ಇಂಗ್ಲಿಷಿನ ‘ಲೆಫ್ಟ್’, ‘ಹ್ಯಾಡ್ ಲೆಫ್ಟ್’ಗಳ ನಡುವೆಯೂ ಇದೆ. (ಅಚ್ಚಿನಲ್ಲಿ ಆ ಒತ್ತು ಬಿಟ್ಟುಹೋದರೆ ಕಥೆಯೇ ಬದಲಾಗುತ್ತದೆ.) ‘ಬಂದಿದ್ದರೆ’ ಎಂಬುದಕ್ಕೆ ‘ಇಫ್ ಹೀ ಹ್ಯಾಡ್ ಕಮ್’ ಸರಿಹೊಂದುತ್ತದೆ.

ದಾರಿ ಬೇರೆಯಾಗುವುದು ಮುಂದೆ. ‘ಅಣ್ಣ ಬಂದಿದ್ದಾನೆ’ ಎಂದರೆ ಅವನು ಒಳಗಿದ್ದಾನೆ. ‘ಅಣ್ಣ ಬಂದಿದ್ದ’ ಎಂದರೆ ಸಾಮಾನ್ಯವಾಗಿ ಬಂದು ಹೊರಟುಹೋಗಿದ್ದಾನೆ. ಬಂದುದರ ಫಲ ಈಗ ಉಳಿದಿಲ್ಲವೆಂಬುದನ್ನು ಕನ್ನಡದ ರೂಪ ತಾನಾಗಿ ಹೇಳುತ್ತದೆ, ಅದಕ್ಕೆ ಎರಡನೆಯ ಘಟನೆಯ ಹಂಗಿಲ್ಲ. ‘ಹ್ಯಾಡ್ ಕಮ್’ಗೆ ಈ ಶಕ್ತಿಯಿಲ್ಲ, ಅಲ್ಲಿ ಸಾದಾ ‘ಕೇಮ್’ ಸಾಕು, ಹೊರಟುಹೋದದ್ದನ್ನು ಸಂದರ್ಭವೇ ತಿಳಿಸಬೇಕು. ನಮ್ಮ ಇಂಗ್ಲಿಷಿನಲ್ಲಿ ಕಾರಣವಿಲ್ಲದೆ ‘ಹ್ಯಾಡ್’ಗಳು ತುಂಬಿಕೊಳ್ಳುವುದಕ್ಕೆ ಈ ‘ಇದ್ದೆ’, ‘ಇದ್ದ’ಗಳೂ ಒಂದು ಮೂಲವೆಂದು ನನ್ನ ಎಣಿಕೆ.

ಇನ್ನು ನನ್ನ ಸಂದೇಹ. ಇಂಗ್ಲಿಷ್ ಕಥೆಯೊಂದರಲ್ಲಿ ‘ಹೀ ಹ್ಯಾಡ್ ಕಮ್’ ಎಂದಿದ್ದು, ಬಂದವನು ಆ ಹೊತ್ತಿಗೆ ಅಲ್ಲೇ ಕುಳಿತಿದ್ದರೆ, ‘ಅವನು ಬಂದಿದ್ದ’ ಎಂಬ ಅನುವಾದವನ್ನು ಓದುವವರು ಅವನು ಬಂದು ಹೋದನೆಂದು ತಿಳಿಯಬಹುದು. ‘ಬಂದಾಗಿತ್ತು’ ಎಂದರೆ ಆ ತೊಡಕು ತಪ್ಪುತ್ತದೆ, ಆದರೆ ಮೂಲದಲ್ಲಿಲ್ಲದ ‘ಆಗಲೇ’ ಎಂಬ ಛಾಯೆ ಸೇರಿಕೊಳ್ಳುತ್ತದೆ. ಆ ಛಾಯೆಯೂ ಇಲ್ಲದ ರೂಪವನ್ನು ಬಲ್ಲವರು ಒಂದೆರಡು ವಾಕ್ಯಗಳ ಉದಾಹರಣೆಯೊಡನೆ ತಿಳಿಸಬೇಕಾಗಿ ಕೋರುತ್ತೇನೆ.