ಅಪ್ಪನ ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಕೊಬ್ಬಿನ ಗಡ್ಡೆ ಅಂತ ಬಂದಿದೆ, ಬಯಾಪ್ಸಿ ಇಲ್ಲದೆ ಹೇಗೆ ಗೊತ್ತಾಗುತ್ತೆ?

ಹಿರಿಮಗಳು ಕೇಳಿದ್ದು:

ಅಪ್ಪನಿಗೆ 58 ವರ್ಷ. ಕೆಲವು ತಿಂಗಳಿಂದ ಹೊಟ್ಟೆನೋವು ಬರೋದು, ಹೋಗೋದು. ಉಂಡ ಮೇಲೆ ಹಿಂಡಿದ ಹಾಗೆ ನೋವು, ಒಮ್ಮೊಮ್ಮೆ ವಾಂತಿ, ಮಾರನೇ ದಿನ ಆರಾಮಾಗಿ ಓಡಾಡ್ತಿದ್ದರು. ಆಗ ತೆಗೆಸಿದ ಎಕ್ಸ್-ರೇ ನಾರ್ಮಲ್. ಅಲ್ಟ್ರಾಸೌಂಡ್‌ನಲ್ಲಿ ಗ್ಯಾಸ್ ತುಂಬಿದೆ, ಸರಿಯಾಗಿ ಕಾಣ್ತಿಲ್ಲ ಅಂದರು. ನಿನ್ನೆ ಹೊಟ್ಟೆ ಉಬ್ಬಿ, ಗಾಳಿ ಕೂಡ ಹೋಗದೆ, ಹಸಿರು ವಾಂತಿ ಶುರುವಾಯಿತು. ಅಡ್ಮಿಟ್ ಮಾಡಿ ಸಿಟಿ ತೆಗೆದಿದ್ದಾರೆ. ಸಣ್ಣ ಕರುಳಿನ ಕೊನೆಯ ಭಾಗ ಮುಂದಿನ ಕರುಳಿನೊಳಗೆ ಸೇರಿಕೊಂಡಿದೆ, ತುದಿಯಲ್ಲಿ 3 ಸೆಂ.ಮೀ. ಲಿಪೋಮಾ (ಕೊಬ್ಬಿನ ಗಡ್ಡೆ), ಮೈನಸ್ 95 ಎಚ್‌ಯು ಅಂತ ಬರೆದಿದೆ. ಸರ್ಜನ್ ಇವತ್ತೇ ಆಪರೇಷನ್ ಅಂತಿದ್ದಾರೆ. ಚಿತ್ರ ನೋಡಿ ಕೊಬ್ಬು ಅಂತ ಹೇಳೋದನ್ನ ನಂಬಬಹುದಾ? ಸಾದಾ ಗಡ್ಡೆ ಆದರೆ ಇಷ್ಟು ಅವಸರ ಯಾಕೆ? ತಿಳಿದವರು ದಯವಿಟ್ಟು ಹೇಳಿ.

ರೇಡಿಯಾಲಜಿ ವೈದ್ಯ:

ಮೇಡಂ, ಮೊದಲು ಆ ಮೈನಸ್ 95ರ ವಿಷಯ, ಅದೇ ಇಲ್ಲಿ ಮುಖ್ಯ. ಸಿಟಿ ಯಂತ್ರ ದೇಹದ ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡುತ್ತೆ. ಸಿಟಿ ಕಂಡುಹಿಡಿದು 1979ರಲ್ಲಿ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಅವರ ಹೆಸರಲ್ಲೇ ಎಚ್‌ಯು ಅನ್ನೋ ಆ ಅಳತೆ ಇದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಮಾಂಸ, ಕರುಳಿನ ಗೋಡೆ, ಸಾಮಾನ್ಯ ಕ್ಯಾನ್ಸರ್ ಗಡ್ಡೆ ಎಲ್ಲವೂ ಸೊನ್ನೆಗಿಂತ ಮೇಲೆ ಬರುತ್ತವೆ. ಮೈನಸ್ 100ರ ಆಸುಪಾಸಿನಲ್ಲಿ ಬರೋದು ಕೊಬ್ಬು. ಹಾಗಾಗಿ ಗಡ್ಡೆ ಉದ್ದಕ್ಕೂ ಒಂದೇ ಸಮ ಕೊಬ್ಬಿನದ್ದಾಗಿದ್ದರೆ ಬಯಾಪ್ಸಿ ಇಲ್ಲದೆಯೂ ಲಿಪೋಮಾ ಅಂತ ಧೈರ್ಯವಾಗಿ ಬರೆಯುತ್ತೇವೆ.

ಆದರೂ ಎಚ್ಚರ ಬೇಕಾದ ಜಾಗ ಒಂದಿದೆ. ಕರುಳು ಒಳಗೆ ಜಾರುವಾಗ ತನಗೆ ಅಂಟಿಕೊಂಡಿರುವ ಮೆಸೆಂಟರಿಯನ್ನೂ, ಅಂದರೆ ಕರುಳಿಗೆ ರಕ್ತನಾಳ ತರುವ ಪೊರೆಯನ್ನೂ, ಎಳೆದುಕೊಂಡು ಹೋಗುತ್ತೆ. ಅದರಲ್ಲೂ ಕೊಬ್ಬೇ ಇರೋದು, ಅಂಕಿಯೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಆಕಾರದಲ್ಲಿ. ಮೆಸೆಂಟರಿಯ ಕೊಬ್ಬು ಅರ್ಧಚಂದ್ರದ ಹಾಗೆ ಒಂದು ಬದಿಗೆ ಒತ್ತಿಕೊಂಡಿರುತ್ತೆ, ಅದರೊಳಗೆ ರಕ್ತನಾಳಗಳು ಬೆಳ್ಳಗೆ ಹರಿದಿರುತ್ತವೆ. ಲಿಪೋಮಾ ದುಂಡಗೆ, ಅಂಚು ನಯವಾಗಿ, ಒಳಗೆ ನಾಳಗಳ ಜಾಲ ಇಲ್ಲದೆ, ಸೇರಿಕೊಂಡ ಕರುಳಿನ ತುದಿಯಲ್ಲೇ ಕೂತಿರುತ್ತೆ. ನಾನು ತೆಳು ಸ್ಲೈಸ್‌ಗಳಲ್ಲಿ ಗಡ್ಡೆಯ ನಡುವೆ ಚಿಕ್ಕ ವೃತ್ತ ಇಟ್ಟು ಅಳೆದ ಮೇಲೆ, ಅಡ್ಡ ಮತ್ತು ಉದ್ದ ಎರಡೂ ನೋಟಗಳಲ್ಲಿ ಆ ತುದಿಯನ್ನು ಹಿಂಬಾಲಿಸದೆ ರಿಪೋರ್ಟ್ ಬರೆಯೋದಿಲ್ಲ. ಅಡ್ಡಕ್ಕೆ ನೋಡಿದರೆ ವೃತ್ತದೊಳಗೆ ವೃತ್ತ, ಉದ್ದಕ್ಕೆ ನೋಡಿದರೆ ಅರ್ಧ ಮಡಚಿ ಒಳಗೆ ತಳ್ಳಿದ ಅಂಗಿಯ ತೋಳು.

ಇನ್ನು ಹಳೆಯ ಎಕ್ಸ್-ರೇ. ಈ ಗಡ್ಡೆಗಳು ಕರುಳನ್ನು ಒಳಗೆ ಎಳೆಯುತ್ತವೆ, ಮತ್ತೆ ಕರುಳು ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಟ್ಟಿರುವ ದಿನ ಚಿತ್ರ ತೆಗೆದರೆ ಏನೂ ಇರೋದಿಲ್ಲ. ಕರುಳಿಗೆ ಅಡ್ಡಿಯಾದ ದಿನ ರೋಗಿಯನ್ನು ನಿಲ್ಲಿಸಿ ಎಕ್ಸ್-ರೇ ತೆಗೆದರೆ ನೀರು ಮತ್ತು ಗಾಳಿಯ ಮಟ್ಟಗಳು ಕಾಣಬಹುದು, ಆದರೆ ಕಾರಣ ಕಾಣೋದು ಅಪರೂಪ. ಅಲ್ಟ್ರಾಸೌಂಡ್ ಅಲೆ ಗಾಳಿಯನ್ನು ದಾಟೋದೇ ಇಲ್ಲ, ಕರುಳು ಉಬ್ಬಿದಷ್ಟೂ ಅದು ಕುರುಡು. ನೋವು ಮರುಕಳಿಸುತ್ತಲೇ ಇದ್ದರೆ, ನೋವಿರುವಾಗಲೇ ಸಿಟಿ ಮಾಡಿಸಬೇಕು ಅಂತ ನಾನು ಎಲ್ಲರಿಗೂ ಒತ್ತಿ ಹೇಳ್ತೀನಿ.

ಗುಣವಾದವ:

ನನಗೂ ಇದೇ ಆಗಿತ್ತು ಅಕ್ಕ, ದೊಡ್ಡ ಕರುಳಿನ ಬಲಭಾಗದಲ್ಲಿ. ಅದಕ್ಕೆ ಮುಂಚೆ ಕೊಲೊನೋಸ್ಕೋಪಿಯಲ್ಲಿ ತೆಗೆದ ಚೂರು ನಾರ್ಮಲ್ ಬಂದಿತ್ತು. ಗಡ್ಡೆ ಒಳಪೊರೆಯ ಕೆಳಗೆ ಇತ್ತಂತೆ, ಚಿಮಟಕ್ಕೆ ಸಿಕ್ಕಿದ್ದು ಮೇಲಿನ ಪೊರೆ ಮಾತ್ರ. ಸಿಟಿಯಲ್ಲೇ ಗೊತ್ತಾಗಿದ್ದು. ಧೈರ್ಯವಾಗಿರಿ, ಅಪ್ಪ ಬೇಗ ಎದ್ದು ಓಡಾಡ್ತಾರೆ.

ಹಿರಿಮಗಳು:

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ, ಅಣ್ಣ ನಿಮಗೂ. ಒಂದೇ ಅನುಮಾನ. ನಮ್ಮ ಸಂಬಂಧಿಕರ ಮಗುವಿಗೆ ಹೀಗಾದಾಗ ಗುದದ್ವಾರದಿಂದ ಗಾಳಿ ಬಿಟ್ಟು ಸರಿ ಮಾಡಿದ್ದರು. ಅಪ್ಪನಿಗೆ ಹಾಗೆ ಮಾಡಕ್ಕಾಗಲ್ವಾ?

ರೇಡಿಯಾಲಜಿ ವೈದ್ಯ:

ಮಕ್ಕಳಲ್ಲಿ ಬಹುಪಾಲು ಗಡ್ಡೆಯೇ ಇರೋದಿಲ್ಲ, ಗಾಳಿಯ ಒತ್ತಡಕ್ಕೆ ಬಿಚ್ಚಿಕೊಂಡರೆ ಮುಗೀತು. ದೊಡ್ಡವರಲ್ಲಿ ಹೀಗೆ ಅಡ್ಡಿಯಾದಾಗ ಹೆಚ್ಚಿನಂಶ ಒಳಗೆ ಒಂದು ಕಾರಣ ಕೂತಿರುತ್ತೆ. ಬಿಚ್ಚಿದರೂ ಅದು ಅಲ್ಲೇ ಉಳಿದು ಮತ್ತೆ ಎಳೆಯುತ್ತೆ. ನಡುವೆ ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತರೆ ಅದು ಕೊಳೆಯಲು ಶುರುವಾಗುತ್ತೆ. ಸರ್ಜನ್ ಅವಸರ ಅದಕ್ಕೇ, ಗಡ್ಡೆ ಸಾದಾ ಆಗಿರೋದಕ್ಕೂ ಆ ಅಪಾಯಕ್ಕೂ ಸಂಬಂಧ ಇಲ್ಲ.

ರಿಪೋರ್ಟಿನಲ್ಲಿ ಇನ್ನೊಂದು ಸಾಲು ಹುಡುಕಿ. ಕಾಂಟ್ರಾಸ್ಟ್ (ಚಿತ್ರದಲ್ಲಿ ಬೆಳ್ಳಗೆ ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ) ಕೊಟ್ಟ ಮೇಲೆ ಕರುಳಿನ ಗೋಡೆ ಸರಿಯಾಗಿ ಬೆಳಗಿದೆಯಾ ಅಂತ ಬರೆದಿರಬೇಕು. ಬೆಳಗದೆ ಮಂಕಾಗಿದ್ದರೆ, ಗೋಡೆಯೊಳಗೆ ಗಾಳಿಯ ಗುಳ್ಳೆಗಳಿದ್ದರೆ ಗಂಟೆಗಳ ಲೆಕ್ಕದಲ್ಲಿ ಓಡಬೇಕು. ಈ ಸಾಲು ಇಲ್ಲದ ರಿಪೋರ್ಟ್ ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತೆ, ಸರ್ಜನ್‌ಗೆ ಮೊದಲು ಬೇಕಾಗಿರೋದೇ ಅದು. ಇಲ್ಲದಿದ್ದರೆ ಫೋನ್ ಮಾಡಿ ಕೇಳಿಸಿ.

ಸಣ್ಣ ಕರುಳಿನಲ್ಲಿ ಹೀಗೆ ಕರುಳನ್ನು ಒಳಗೆ ಎಳೆಯುವ ಗಡ್ಡೆಗಳು ಹೆಚ್ಚಾಗಿ ಸಾದಾವೇ. ದೊಡ್ಡ ಕರುಳಿನಲ್ಲಾದರೆ ಕ್ಯಾನ್ಸರ್ ಅನುಮಾನ ಜಾಸ್ತಿ. ಏನೇ ಇದ್ದರೂ ತೆಗೆದ ಭಾಗ ಪರೀಕ್ಷೆಗೆ ಪೆಥಾಲಜಿ ಲ್ಯಾಬಿಗೆ ಹೋಗುತ್ತೆ, ಕೊನೆಯ ಮಾತು ಅವರದ್ದು.

ಹಿರಿಮಗಳು:

ಗೋಡೆ ಚೆನ್ನಾಗಿ ಬೆಳಗಿದೆ, ಹೊಟ್ಟೆಯಲ್ಲಿ ನೀರು ಇಲ್ಲ ಅಂತ ಬರೆದಿದೆ. ಸಂಜೆ ಆಪರೇಷನ್‌ಗೆ ಸಹಿ ಹಾಕಿದ್ದೀನಿ.